ಶೂನ್ಯ ಫಲಿತಾಂಶ ಸಂದೇಶ

ಶೂನ್ಯ ಫಲಿತಾಂಶ ಸಂದೇಶ ಎಂದರೆ ಮೊಬೈಲ್ ಆ್ಯಪ್‌ನಲ್ಲಿ ಅಥವಾ ಜಾಲತಾಣದಲ್ಲಿ ಹುಡುಕಿದ ಪದಕ್ಕೆ ಹೊಂದುವ ಒಂದೂ ದಾಖಲೆ ದೊರೆಯದಿದ್ದಾಗ ಪರದೆಯ ಮೇಲೆ ಮೂಡುವ ಬರಹ. ನಿಘಂಟು, ನಕ್ಷೆ, ಗ್ರಂಥಾಲಯ ಸೂಚಿ, ಅಂಗಡಿ, ಬಸ್ ಮಾಹಿತಿ, ಸರ್ಕಾರಿ ದಾಖಲೆ ಮೊದಲಾದ ಹುಡುಕಾಟ ಸೌಲಭ್ಯವುಳ್ಳ ಎಲ್ಲ ಆ್ಯಪ್‌ಗಳಲ್ಲಿಯೂ ಇದು ಇರುತ್ತದೆ. ತಂತ್ರಾಂಶದೊಡನೆ ಸಿದ್ಧವಾಗಿ ಬರುವ ಸಂದೇಶವನ್ನು ತೆಗೆದು, ಆಯಾ ಆ್ಯಪ್‌ನ ವಿಷಯಕ್ಕೂ ಬಳಕೆದಾರರ ಭಾಷೆಗೂ ಒಪ್ಪುವ ಬರಹವನ್ನು ಅಳವಡಿಸುವುದಕ್ಕೆ ಸಂದೇಶದ ಗ್ರಾಹಕೀಕರಣ ಎನ್ನುತ್ತಾರೆ.

ಕನ್ನಡದಲ್ಲಿ ಈ ಕೆಲಸ ಕೇವಲ ಅನುವಾದದಿಂದ ಮುಗಿಯುವುದಿಲ್ಲ. ಕನ್ನಡದ ವಿಭಕ್ತಿ ಪ್ರತ್ಯಯಗಳು, ವಚನ, ಒತ್ತಕ್ಷರಗಳ ಸಂಕೇತ ವ್ಯವಸ್ಥೆ, ಒಂದೇ ಹೆಸರನ್ನು ಹಲವು ರೀತಿಯಲ್ಲಿ ಬರೆಯುವ ರೂಢಿ ಇವೆಲ್ಲ ಸಂದೇಶದ ಮಾತನ್ನೂ ಅದು ಕಾಣಿಸಿಕೊಳ್ಳುವ ಸಂದರ್ಭವನ್ನೂ ನಿರ್ಧರಿಸುತ್ತವೆ. ದಾಖಲೆ ನಿಜವಾಗಿಯೂ ಇಲ್ಲದಿರುವುದು ಒಂದು ಸ್ಥಿತಿ. ದಾಖಲೆ ಇದ್ದೂ ಹುಡುಕಾಟಕ್ಕೆ ಸಿಗದಿರುವುದು ಮತ್ತೊಂದು ಸ್ಥಿತಿ. ಇವೆರಡನ್ನೂ ಬೆರೆಸದೆ ತಿಳಿಸುವುದೇ ಉತ್ತಮ ಶೂನ್ಯ ಫಲಿತಾಂಶ ಸಂದೇಶದ ಮುಖ್ಯ ಲಕ್ಷಣ.

ವ್ಯಾಪ್ತಿ

ಹುಡುಕಾಟದ ಪರದೆ ಖಾಲಿಯಾಗಿ ಕಾಣುವ ಸಂದರ್ಭಗಳು ನಾಲ್ಕು.

• ಬಳಕೆದಾರರು ಇನ್ನೂ ಏನನ್ನೂ ಹುಡುಕಿಲ್ಲ. ಇಲ್ಲಿ ಬೇಕಾಗಿರುವುದು ಏನನ್ನು ಹುಡುಕಬಹುದೆಂಬ ಸೂಚನೆ.
• ಹುಡುಕಾಟ ಸರಿಯಾಗಿ ನಡೆದಿದೆ, ಆದರೆ ಹೊಂದುವ ದಾಖಲೆ ದೊರೆತಿಲ್ಲ. ಶೂನ್ಯ ಫಲಿತಾಂಶ ಸಂದೇಶಕ್ಕೆ ಸಲ್ಲುವ ಸಂದರ್ಭ ಇದೊಂದೇ.
• ಪದಕ್ಕೆ ಹೊಂದುವ ದಾಖಲೆಗಳಿವೆ, ಆದರೆ ಬಳಕೆದಾರರು ಆಯ್ದುಕೊಂಡ ಊರು, ಬೆಲೆ, ದಿನಾಂಕ ಮೊದಲಾದ ಸೋಸುಕಗಳು ಅವನ್ನು ಮರೆಮಾಡಿವೆ. ಯಾವ ಸೋಸುಕವನ್ನು ತೆಗೆದರೆ ದಾಖಲೆ ಕಾಣುತ್ತದೆ ಎಂಬುದನ್ನು ತಿಳಿಸಬೇಕು.
• ಅಂತರಜಾಲ ಸಂಪರ್ಕ ಕಡಿದಿದೆ ಅಥವಾ ಸರ್ವರ್ ಉತ್ತರಿಸಿಲ್ಲ. ಇಲ್ಲಿ ಹುಡುಕಾಟವೇ ನಡೆದಿರುವುದಿಲ್ಲ.

ನಾಲ್ಕನೆಯ ಸಂದರ್ಭಕ್ಕೂ ಎರಡನೆಯದಕ್ಕೂ ಒಂದೇ ಸಂದೇಶವನ್ನು ತೋರಿಸುವುದು ಸಾಮಾನ್ಯವಾಗಿ ಕಂಡುಬರುವ ದೋಷ. ಹುಡುಕಾಟ ಯಶಸ್ವಿಯಾಗಿ ನಡೆದು ಏನೂ ಸಿಗದಿದ್ದಾಗ ಸರ್ವರ್ ಬಹುಮಟ್ಟಿಗೆ 200 ಎಂಬ ಯಶಸ್ಸಿನ ಸಂಕೇತದೊಡನೆ ಖಾಲಿ ಪಟ್ಟಿಯನ್ನು ಕಳುಹಿಸುತ್ತದೆ. 404 ಎಂಬ ಸಂಕೇತ ಕೇಳಿದ ವಿಳಾಸವೇ ಇಲ್ಲವೆಂದು ಸೂಚಿಸುತ್ತದೆ. 500ರಿಂದ ಆರಂಭವಾಗುವ ಸಂಕೇತಗಳು ಸರ್ವರಿನ ದೋಷವನ್ನು ಸೂಚಿಸುತ್ತವೆ. ಆ್ಯಪ್ ಇವುಗಳನ್ನು ಬೇರೆ ಬೇರೆಯಾಗಿ ಗುರುತಿಸಿ, ಖಾಲಿ ಪಟ್ಟಿ ಬಂದಾಗ ಮಾತ್ರ ಶೂನ್ಯ ಫಲಿತಾಂಶ ಸಂದೇಶವನ್ನು ತೋರಿಸಬೇಕು.

ಹಿನ್ನೆಲೆ

ಹುಡುಕಿದ್ದು ಸಿಗದ ಅನುಭವ ಗಣಕಯಂತ್ರಕ್ಕಿಂತ ಹಳೆಯದು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಾಗಲಿ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿನಲ್ಲಾಗಲಿ ಪದವೊಂದು ಸಿಗದಿದ್ದರೆ ಓದುಗನು ಅದರ ಅಕ್ಕಪಕ್ಕದ ಪದಗಳ ನಡುವೆ ನಿಂತಿರುತ್ತಾನೆ. ಅಕ್ಷರಕ್ರಮದಲ್ಲಿರುವ ಆ ನೆರೆಯ ಪದಗಳೇ ಅವನಿಗೆ ಸುಳಿವು ಕೊಡುತ್ತವೆ. ಅಲ್ಪಪ್ರಾಣದಲ್ಲಿ ಹುಡುಕಿದ ಪದ ಮಹಾಪ್ರಾಣದಲ್ಲಿದೆ, ಲಕಾರವೆಂದುಕೊಂಡದ್ದು ಳಕಾರವಾಗಿದೆ ಎಂಬುದು ಪುಟ ತಿರುಗಿಸುವಾಗ ಅವನಿಗೇ ಹೊಳೆಯಬಹುದು. ಆ್ಯಪ್‌ನ ಖಾಲಿ ಪರದೆಯಲ್ಲಿ ಈ ನೆರೆಹೊರೆ ಇರುವುದಿಲ್ಲ. ಅದನ್ನು ಸಂದೇಶವೇ ಒದಗಿಸಬೇಕಾಗುತ್ತದೆ.

ನಿಘಂಟಿನಲ್ಲಿಯೂ ತೀರದ ಸಂದೇಹಗಳಿಗೆ ಕನ್ನಡ ಓದುಗರಿಗೆ ಪತ್ರಿಕೆಯ ಆಸರೆಯೂ ಇತ್ತು. ಬೆಂಗಳೂರಿನ ಜಯನಗರದಲ್ಲಿ ನೆಲೆಸಿದ್ದ ನಿಘಂಟುತಜ್ಞ ಜಿ. ವೆಂಕಟಸುಬ್ಬಯ್ಯನವರು 1991ರಿಂದ ಪ್ರಜಾವಾಣಿಯಲ್ಲಿ ಬರೆದ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆ ಅರ್ಥವನ್ನೂ ವ್ಯುತ್ಪತ್ತಿಯನ್ನೂ ವಿವರಿಸುತ್ತಿದ್ದರು. ಒಬ್ಬ ಓದುಗನಿಗೆ ಸಿಗದ ಪದ ಹೀಗೆ ಸಾವಿರಾರು ಓದುಗರಿಗೆ ಪಾಠವಾಗುತ್ತಿತ್ತು. ಸಿಗದ ಪದವನ್ನು ಸಂಪಾದಕರಿಗೆ ತಿಳಿಸುವ ಗುಂಡಿಯನ್ನು ಇಂದಿನ ನಿಘಂಟು ಆ್ಯಪ್‌ಗಳಲ್ಲಿ ಅಳವಡಿಸುವುದರ ಉದ್ದೇಶವೂ ಇಂಥದೇ.

ಸಂದೇಶದ ಮಾತು

‘ಇಲ್ಲ’ ಮತ್ತು ‘ಸಿಗಲಿಲ್ಲ’

ಕನ್ನಡದಲ್ಲಿ ‘ಇಲ್ಲ’ ಎಂಬ ಪದ ವಸ್ತುವಿನ ಅಭಾವವನ್ನೇ ಹೇಳುತ್ತದೆ. ‘ಸಿಗಲಿಲ್ಲ’, ‘ದೊರೆಯಲಿಲ್ಲ’ ಎಂಬ ರೂಪಗಳು ಹುಡುಕುವ ಕ್ರಿಯೆ ಫಲಿಸಲಿಲ್ಲವೆಂದು ಮಾತ್ರ ಹೇಳುತ್ತವೆ. ‘ಈ ಹೆಸರಿನ ದಾಖಲೆ ಇಲ್ಲ’ ಎಂಬ ವಾಕ್ಯ ಓದಿದವರು ಹುಡುಕುವುದನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ‘ಈ ಹೆಸರಿನ ದಾಖಲೆ ಸಿಗಲಿಲ್ಲ’ ಎಂಬ ವಾಕ್ಯ ಓದಿದವರು ಇನ್ನೊಂದು ರೀತಿಯಲ್ಲಿ ಪ್ರಯತ್ನಿಸುವ ಸಾಧ್ಯತೆ ಉಳಿದಿರುತ್ತದೆ. ಎಲ್ಲ ದಾಖಲೆಗಳನ್ನೂ ಎಲ್ಲ ರೂಪಗಳಲ್ಲಿಯೂ ಹೋಲಿಸಿ ನೋಡಿದ ಖಾತ್ರಿ ತಂತ್ರಾಂಶಕ್ಕೆ ಇಲ್ಲದಿರುವುದರಿಂದ ಎರಡನೆಯ ರೂಪವೇ ಸತ್ಯಕ್ಕೆ ಹತ್ತಿರವಾದುದು.

‘ಫಲಿತಾಂಶ’ ಎಂಬ ಪದ

ಹುಡುಕಾಟದಿಂದ ದೊರೆತುದನ್ನು ‘ಫಲಿತಾಂಶ’ ಎನ್ನುವುದು ಗಣಕ ಬಳಕೆಯಲ್ಲಿ ರೂಢಿಯಾಗಿದೆ. ಆದರೆ ವಿದ್ಯಾರ್ಥಿಗಳಿಗೂ ಪೋಷಕರಿಗೂ ಈ ಪದ ಮೊದಲು ನೆನಪಿಗೆ ತರುವುದು ಪರೀಕ್ಷೆಯ ಫಲಿತಾಂಶವನ್ನು. ಮತದಾರರಿಗೆ ಚುನಾವಣೆಯ ಫಲಿತಾಂಶವನ್ನು. ಎಸ್ಸೆಸ್ಸೆಲ್ಸಿ ಅಂಕಗಳನ್ನು ನೋಡುವ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆಯ ಒಂದು ಅಂಕೆ ತಪ್ಪಿದಾಗ ‘ಯಾವುದೇ ಫಲಿತಾಂಶವಿಲ್ಲ’ ಎಂದು ಬಂದರೆ, ಫಲಿತಾಂಶ ಇನ್ನೂ ಪ್ರಕಟವಾಗಿಲ್ಲವೆಂದೋ ತಡೆಹಿಡಿಯಲಾಗಿದೆಯೆಂದೋ ವಿದ್ಯಾರ್ಥಿ ತಿಳಿಯಬಹುದು. ಅಂಥ ಕಡೆ ‘ಈ ನೋಂದಣಿ ಸಂಖ್ಯೆ ಪಟ್ಟಿಯಲ್ಲಿ ಸಿಗಲಿಲ್ಲ. ಪ್ರವೇಶಪತ್ರದಲ್ಲಿರುವ ಸಂಖ್ಯೆಯೊಡನೆ ಹೋಲಿಸಿ ನೋಡಿ’ ಎಂಬ ಬರಹ ಸ್ಪಷ್ಟವಾಗಿರುತ್ತದೆ. ನಿಘಂಟಿನಲ್ಲಿ ‘ಪದ’, ನಕ್ಷೆಯಲ್ಲಿ ‘ಸ್ಥಳ’, ಗ್ರಂಥಾಲಯದಲ್ಲಿ ‘ಪುಸ್ತಕ’ ಎಂದು ಹುಡುಕಿದ ವಸ್ತುವನ್ನೇ ಹೆಸರಿಸುವುದು ‘ಫಲಿತಾಂಶ’ ಎನ್ನುವುದಕ್ಕಿಂತ ಮೇಲು.

ಧ್ವನಿ ಮತ್ತು ಗೌರವ

ಅಪರಿಚಿತರನ್ನು ಉದ್ದೇಶಿಸುವ ಬರಹದಲ್ಲಿ ಬಹುವಚನದ ಗೌರವ ರೂಪ ರೂಢಿಯಲ್ಲಿದೆ. ಆದ್ದರಿಂದ ಸಂದೇಶದಲ್ಲಿ ‘ಪರಿಶೀಲಿಸಿ’, ‘ಮತ್ತೆ ಹುಡುಕಿ’ ಎಂಬ ರೂಪಗಳು ಬರುತ್ತವೆ. ಗುಂಡಿಯ ಮೇಲಿನ ಪದ ಮಾತ್ರ ಭಿನ್ನ. ಅಲ್ಲಿ ‘ಹುಡುಕು’ ಎಂದರೆ ಬಳಕೆದಾರರು ಯಂತ್ರಕ್ಕೆ ಕೊಡುವ ಆಜ್ಞೆ. ‘ಹುಡುಕಿ’ ಎಂದರೆ ಯಂತ್ರವು ಬಳಕೆದಾರರಿಗೆ ಮಾಡುವ ಸೂಚನೆ. ಎರಡೂ ಬಳಕೆಯಲ್ಲಿವೆ; ಒಂದೇ ಆ್ಯಪ್‌ನಲ್ಲಿ ಎರಡನ್ನೂ ಬೆರೆಸಬಾರದು. ‘ನೀವು ತಪ್ಪಾಗಿ ಬರೆದಿದ್ದೀರಿ’ ಎಂಬಂತಹ ವಾಕ್ಯಗಳು ದೋಷವನ್ನು ಬಳಕೆದಾರರ ಮೇಲೆ ಹೊರಿಸುತ್ತವೆ. ಮುಂದೆ ವಿವರಿಸಿರುವಂತೆ ಕನ್ನಡ ಹುಡುಕಾಟದಲ್ಲಿ ಬರೆದವರದು ತಪ್ಪೇ ಇಲ್ಲದಿರುವ ಸಂದರ್ಭಗಳು ಅನೇಕ.

ವ್ಯಾಕರಣದ ಸಮಸ್ಯೆಗಳು

ವಿಭಕ್ತಿ ಪ್ರತ್ಯಯ

ಹುಡುಕಿದ ಪದವನ್ನು ಸಂದೇಶದಲ್ಲಿ ಮತ್ತೆ ತೋರಿಸಿದರೆ ಬೆರಳಚ್ಚಿನ ದೋಷವನ್ನು ಬಳಕೆದಾರರೇ ಗುರುತಿಸಬಹುದು. ಇದಕ್ಕಾಗಿ ವಾಕ್ಯದಲ್ಲಿ ಒಂದು ಖಾಲಿ ಸ್ಥಾನವನ್ನು ಬಿಟ್ಟಿರುತ್ತಾರೆ; ಪದ ಅಲ್ಲಿ ತಾನಾಗಿ ಬಂದು ಕೂರುತ್ತದೆ. ಕನ್ನಡದಲ್ಲಿ ನಾಮಪದಕ್ಕೆ ಸೇರುವ ಪ್ರತ್ಯಯ ಆ ಪದದ ಲಿಂಗ ಮತ್ತು ಅಂತ್ಯಸ್ವರವನ್ನು ಅನುಸರಿಸಿ ಬದಲಾಗುತ್ತದೆ: ಮರಕ್ಕೆ, ಹುಡುಗನಿಗೆ, ಮನೆಗೆ, ಊರಿಗೆ, ಗುರುವಿಗೆ. ಯಾವ ಪದ ಬರುವುದೆಂದು ಮೊದಲೇ ತಿಳಿಯದ ಕಾರಣ ಖಾಲಿ ಸ್ಥಾನದ ಮುಂದೆ ‘ಕ್ಕೆ’ ಅಥವಾ ‘ಅನ್ನು’ ಎಂದು ಬರೆದಿಟ್ಟರೆ ‘ಮನೆಕ್ಕೆ’, ‘ಹುಡುಗಅನ್ನು’ ಎಂಬ ಅಸಾಧು ರೂಪಗಳು ಹುಟ್ಟುತ್ತವೆ.

ಇದಕ್ಕೆ ಪರಿಹಾರ ಭಾಷೆಯೊಳಗೇ ಇದೆ. ಹುಡುಕಿದ ಪದವನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಮುಂದೆ ‘ಎಂಬ’ ಎಂದು ಸೇರಿಸಿ, ವಿಭಕ್ತಿಯನ್ನು ಅನಂತರದ ಸ್ಥಿರ ಪದಕ್ಕೆ ಹಚ್ಚಿದರೆ ಯಾವ ಪದ ಬಂದರೂ ವಾಕ್ಯ ಕೆಡುವುದಿಲ್ಲ. ‘“ಮನೆ” ಎಂಬ ಪದಕ್ಕೆ ಅರ್ಥ ಸಿಗಲಿಲ್ಲ’, ‘“ವಿಲ್ಸನ್ ಗಾರ್ಡನ್” ಎಂಬ ಸ್ಥಳ ಸಿಗಲಿಲ್ಲ’ ಎಂಬ ವಾಕ್ಯಗಳು ಇದಕ್ಕೆ ಉದಾಹರಣೆ.

ಶೂನ್ಯ ಮತ್ತು ವಚನ

ಸಂಖ್ಯೆಗೆ ತಕ್ಕ ವಚನರೂಪವನ್ನು ಆರಿಸಲು ಬಹುತೇಕ ತಂತ್ರಾಂಶಗಳು ಯೂನಿಕೋಡ್ ಒಕ್ಕೂಟ ನಿರ್ವಹಿಸುವ ಸಿಎಲ್‌ಡಿಆರ್ ಎಂಬ ಭಾಷಾ ದತ್ತಾಂಶ ಸಂಗ್ರಹದ ನಿಯಮಗಳನ್ನು ಬಳಸುತ್ತವೆ. ಆ ನಿಯಮದಂತೆ ಕನ್ನಡದಲ್ಲಿ 0 ಮತ್ತು 1 ಎರಡೂ ‘ಏಕ’ ವರ್ಗಕ್ಕೆ ಸೇರುತ್ತವೆ. 2ರಿಂದ ಮುಂದಿನವು ‘ಇತರ’ ವರ್ಗಕ್ಕೆ ಸೇರುತ್ತವೆ. ಹಿಂದಿ, ಬಂಗಾಳಿ, ಗುಜರಾತಿಗಳಿಗೂ ಇದೇ ನಿಯಮವಿದೆ. ಇಂಗ್ಲಿಷ್, ತೆಲುಗು, ತಮಿಳು, ಮಲಯಾಳಂ ಭಾಷೆಗಳಲ್ಲಿ 1 ಮಾತ್ರ ‘ಏಕ’ ವರ್ಗದಲ್ಲಿದ್ದು, 0 ‘ಇತರ’ ವರ್ಗಕ್ಕೆ ಹೋಗುತ್ತದೆ.

ಇದರ ಪರಿಣಾಮ ಗಮನಾರ್ಹವಾದುದು. ಅನುವಾದಕರು ‘ಏಕ’ ವರ್ಗದ ಸ್ಥಾನದಲ್ಲಿ ಸಂಖ್ಯೆಯ ಗುರುತನ್ನು ಬಿಟ್ಟು ‘ಒಂದು ಪದ ಸಿಕ್ಕಿದೆ’ ಎಂದು ಅಕ್ಷರಗಳಲ್ಲಿ ಬರೆದರೆ, ಏನೂ ಸಿಗದಿದ್ದಾಗಲೂ ಆ್ಯಪ್ ‘ಒಂದು ಪದ ಸಿಕ್ಕಿದೆ’ ಎಂದೇ ತೋರಿಸುತ್ತದೆ. ಇಂಗ್ಲಿಷ್ ರೂಪದಲ್ಲಿ ಪರೀಕ್ಷಿಸಿದವರಿಗೆ ಈ ದೋಷ ಕಾಣುವುದೇ ಇಲ್ಲ. ಆಂಡ್ರಾಯ್ಡ್‌ನಲ್ಲಿ ‘ಶೂನ್ಯ’ ಎಂಬ ಪ್ರತ್ಯೇಕ ವರ್ಗವಿದ್ದರೂ ಅದು ಶೂನ್ಯಕ್ಕೆ ವ್ಯಾಕರಣದಲ್ಲಿ ಬೇರೆ ರೂಪವಿರುವ ಅರಬ್ಬಿಯಂತಹ ಭಾಷೆಗಳಿಗೆ ಮಾತ್ರ ಅನ್ವಯಿಸುತ್ತದೆ. ಕನ್ನಡದಲ್ಲಿ ಅದನ್ನು ತುಂಬಿದರೂ ಬಳಕೆಯಾಗುವುದಿಲ್ಲ. ಆದ್ದರಿಂದ ಸಂಖ್ಯೆ ಸೊನ್ನೆಯೇ ಎಂಬುದನ್ನು ಆ್ಯಪ್ ಮೊದಲು ಪರೀಕ್ಷಿಸಿ, ಸೊನ್ನೆಯಾದರೆ ವಚನ ನಿಯಮಕ್ಕೆ ಹೋಗದೆ ಪ್ರತ್ಯೇಕ ಸಂದೇಶವನ್ನು ತೋರಿಸಬೇಕು.

ಕನ್ನಡ ಹುಡುಕಾಟದಲ್ಲಿ ಶೂನ್ಯ ಫಲಿತಾಂಶಕ್ಕೆ ಕಾರಣಗಳು

ಬೆಂಗಳೂರು ದಕ್ಷಿಣ ಭಾಗದ ಬಡಾವಣೆಗಳ ಹೆಸರುಗಳು ಈ ಕಾರಣಗಳನ್ನು ತಿಳಿಯಲು ಒಳ್ಳೆಯ ಮಾದರಿಗಳಾಗಿವೆ. ಕನ್ನಡ, ಇಂಗ್ಲಿಷ್ ಮತ್ತು ಸಂಕ್ಷಿಪ್ತ ರೂಪಗಳು ಇವುಗಳಲ್ಲಿ ಕಲೆತಿವೆ.

• ಪದಗಳ ನಡುವಿನ ತೆರಪು: ಲಾಲ್‌ಬಾಗ್ ಸಮೀಪದ ಬಡಾವಣೆಯ ಹೆಸರನ್ನು ‘ವಿಲ್ಸನ್ ಗಾರ್ಡನ್’ ಎಂದು ಬಿಡಿಸಿಯೂ ‘ವಿಲ್ಸನ್‌ಗಾರ್ಡನ್’ ಎಂದು ಕೂಡಿಸಿಯೂ ಬರೆಯುತ್ತಾರೆ. ಕೂಡಿಸಿ ಬರೆಯುವಾಗ ‘ನ್’ ಮತ್ತು ‘ಗಾ’ ಒತ್ತಕ್ಷರವಾಗಿ ಬೆಸೆಯದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರುತ್ತದೆ. ಅದನ್ನು ಜೀರೋ ವಿಡ್ತ್ ನಾನ್ ಜಾಯ್ನರ್ ಎನ್ನುತ್ತಾರೆ. ಅದಿಲ್ಲದಿದ್ದರೆ ಪದ ‘ವಿಲ್ಸನ್ಗಾರ್ಡನ್’ ಎಂದಾಗುತ್ತದೆ. ಮನುಷ್ಯರಿಗೆ ಈ ಮೂರೂ ಒಂದೇ ಹೆಸರು. ಅಕ್ಷರಸಂಕೇತಗಳನ್ನು ಹೋಲಿಸುವ ಯಂತ್ರಕ್ಕೆ ಮೂರು ಬೇರೆ ಪದಗಳು.

• ಅನುಸ್ವಾರ ಮತ್ತು ಸೊನ್ನೆ: ಕನ್ನಡದ ಅನುಸ್ವಾರವೂ ಕನ್ನಡ ಅಂಕೆಯ ಸೊನ್ನೆಯೂ ನೋಡಲು ಒಂದೇ ಬಗೆ. ‘ಬೆಂಗಳೂರು’ ಎಂದು ಬರೆಯುವ ಬದಲು ಅನುಸ್ವಾರದ ಜಾಗದಲ್ಲಿ ಅಂಕೆಯನ್ನು ಒತ್ತಿ ‘ಬೆ೦ಗಳೂರು’ ಎಂದು ಬರೆದಿರುವ ಪಠ್ಯಗಳು ಜಾಲದಲ್ಲಿ ಸಾಕಷ್ಟಿವೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳ ಖಂಡದಲ್ಲಿ ಇವೆರಡಕ್ಕೂ ಬೇರೆ ಬೇರೆ ಸ್ಥಾನಗಳಿರುವುದರಿಂದ ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ.

• ಸ್ವರಚಿಹ್ನೆಗಳ ಜೋಡಣೆ: ‘ಕೋ’ ಎಂಬ ಅಕ್ಷರದ ಓಕಾರ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎಕಾರ, ಊಕಾರ ಮತ್ತು ದೀರ್ಘ ಚಿಹ್ನೆಗಳ ಸಂಯೋಜನೆಯಾಗಿಯೂ ಉಳಿಸಿಡಬಹುದು. ಈ ಭೇದವನ್ನು ಯೂನಿಕೋಡ್ ನಿಗದಿಪಡಿಸಿರುವ ಏಕರೂಪೀಕರಣ ಕ್ರಮ ಸರಿಪಡಿಸುತ್ತದೆ. ಸೊನ್ನೆ ಮತ್ತು ಅನುಸ್ವಾರದ ಗೊಂದಲ ಈ ಕ್ರಮದಿಂದ ಸರಿಹೋಗುವುದಿಲ್ಲ. ಅದಕ್ಕೆ ಪ್ರತ್ಯೇಕ ನಿಯಮ ಬೇಕು.

• ಅರ್ಕಾವತ್ತು: ‘ಸೂರ್ಯ’ ಎಂಬ ಪದವನ್ನು ಅರ್ಕಾವತ್ತಿನಿಂದಲೂ, ರಕಾರಕ್ಕೆ ಯಕಾರದ ಒತ್ತು ಕೊಟ್ಟು ‘ಸೂರ‍್ಯ’ ಎಂದೂ ಬರೆಯುವುದುಂಟು. ಎರಡನೆಯ ರೂಪದಲ್ಲಿ ಕಾಣದ ಜೋಡಣೆಯ ಚಿಹ್ನೆಯೊಂದು ಅಡಗಿರುತ್ತದೆ.

• ಸಂಕ್ಷಿಪ್ತ ರೂಪ: ‘ಬಿಟಿಎಂ ಲೇಔಟ್’, ‘ಬಿ.ಟಿ.ಎಂ. ಬಡಾವಣೆ’ ಒಂದೇ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಹೆಸರಿನಿಂದ ಆ ಸಂಕ್ಷೇಪ ಬಂದಿದೆ. ‘ಜೆ.ಪಿ. ನಗರ’ ಎಂಬುದು ಜಯಪ್ರಕಾಶ ನಾರಾಯಣರ ಹೆಸರಿನ ಸಂಕ್ಷೇಪ. ಪೂರ್ಣ ರೂಪದಿಂದ ಹುಡುಕಿದವರಿಗೂ ಸ್ಥಳ ಸಿಗಬೇಕಾದರೆ ಪರ್ಯಾಯ ಹೆಸರುಗಳ ಪಟ್ಟಿ ಅಗತ್ಯ.

• ಅಂಕೆಗಳು ಮತ್ತು ಸಮಾನಪದಗಳು: ‘ಜಯನಗರ 4ನೇ ಬ್ಲಾಕ್’, ‘ಜಯನಗರ ೪ನೇ ಬ್ಲಾಕ್’, ‘ಜಯನಗರ ನಾಲ್ಕನೇ ಬ್ಲಾಕ್’ ಎಂಬ ಮೂರೂ ರೂಪಗಳು ಬಳಕೆಯಲ್ಲಿವೆ. ಅಂತೆಯೇ ‘ಕ್ರಾಸ್’ ಮತ್ತು ‘ಅಡ್ಡರಸ್ತೆ’, ‘ಮೇನ್’ ಮತ್ತು ‘ಮುಖ್ಯರಸ್ತೆ’.

• ಪ್ರತ್ಯಯ ಸೇರಿದ ಪದ: ‘ಬನಶಂಕರಿಯಲ್ಲಿ’ ಎಂದು ಹುಡುಕಿದಾಗ ‘ಬನಶಂಕರಿ’ ಎಂಬ ಪ್ರಕೃತಿಯನ್ನು ಬೇರ್ಪಡಿಸಿ ನೋಡದ ತಂತ್ರಾಂಶಕ್ಕೆ ಏನೂ ಸಿಗುವುದಿಲ್ಲ.

• ಹಳೆಯ ಅಕ್ಷರಶೈಲಿಗಳು: ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ ಮೊದಲಾದ ತಂತ್ರಾಂಶಗಳು ಕನ್ನಡವನ್ನು ಗಣಕದಲ್ಲಿ ಬೆಳೆಸಿದವು. ಅವುಗಳ ಆರಂಭದ ಆವೃತ್ತಿಗಳಲ್ಲಿ ಯೂನಿಕೋಡಿಗೆ ಬದಲಾಗಿ ಅಕ್ಷರಶೈಲಿಯನ್ನು ಅವಲಂಬಿಸಿದ ಸಂಕೇತಗಳಿದ್ದವು. ಆ ಕಾಲದ ಕಡತಗಳನ್ನು ಪರಿವರ್ತಿಸದೆ ಹುಡುಕಾಟಕ್ಕೆ ಸೇರಿಸಿದರೆ ತೆರೆಯ ಮೇಲೆ ಕನ್ನಡ ಕಾಣುತ್ತಿದ್ದರೂ ಯೂನಿಕೋಡಿನಲ್ಲಿ ಹುಡುಕಿದಾಗ ಸಿಗುವುದಿಲ್ಲ.

ಮೇಲಿನ ಕಾರಣಗಳಲ್ಲಿ ಹೆಚ್ಚಿನವನ್ನು ಹುಡುಕುವ ಪದವನ್ನೂ ದಾಖಲೆಯನ್ನೂ ಒಂದೇ ರೂಪಕ್ಕೆ ತಂದು ಹೋಲಿಸುವುದರಿಂದ ನಿವಾರಿಸಬಹುದು. ಹಾಗೆ ನಿವಾರಿಸಿದ ಮೇಲೆಯೂ ಉಳಿಯುವ ಸಂದರ್ಭಗಳಿಗಷ್ಟೇ ಸಂದೇಶ ಮೀಸಲಾಗಬೇಕು. ಹುಡುಕಾಟದ ಕೊರತೆಯನ್ನು ಸುಂದರವಾದ ಸಂದೇಶದಿಂದ ಮುಚ್ಚಲಾಗದು.

ಬೆರಳಚ್ಚಿನ ನಡುವೆ ಮೂಡುವ ಸಂದೇಶ

ಅಕ್ಷರ ಒತ್ತುತ್ತಿದ್ದಂತೆಯೇ ಹುಡುಕುವ ಆ್ಯಪ್‌ಗಳಲ್ಲಿ ಮತ್ತೊಂದು ತೊಡಕಿದೆ. ಇಂಗ್ಲಿಷ್ ಅಕ್ಷರಗಳ ಮೂಲಕ ಕನ್ನಡ ಮೂಡಿಸುವ ಲಿಪ್ಯಂತರ ಕೀಲಿಮಣೆಗಳಲ್ಲಿ ‘ವಿ’ ಬರೆಯುವಾಗ ಮೊದಲು ‘ವ್’ ಎಂದು ಮೂಡಿ, ಮುಂದಿನ ಕೀಲಿ ಒತ್ತಿದಾಗ ‘ವಿ’ ಆಗುತ್ತದೆ. ‘ವಿಲ್ಸನ್’ ಎಂಬ ಪದ ‘ವ್’ ಎಂದು ಆರಂಭವಾಗುವುದಿಲ್ಲವಾದ್ದರಿಂದ ಆ ಒಂದು ಕ್ಷಣ ಹೊಂದುವ ಸ್ಥಳ ಸಿಗದೆ ಶೂನ್ಯ ಫಲಿತಾಂಶ ಸಂದೇಶ ಮಿಂಚಿ ಮಾಯವಾಗುತ್ತದೆ. ನುಡಿಯಂತಹ ಕೀಲಿಮಣೆ ವಿನ್ಯಾಸದಲ್ಲಿ ಮೊದಲು ‘ವ’, ಅನಂತರ ‘ವಿ’ ಬರುವುದರಿಂದ ಈ ತೊಂದರೆ ಇಲ್ಲ. ಬೆರಳು ನಿಂತ ಮೇಲೆ ಅಲ್ಪ ಕಾಲ ಕಾದು ಹುಡುಕುವುದು, ಪದದ ಕೊನೆಯಲ್ಲಿ ಅರ್ಧಾಕ್ಷರವಿರುವಾಗ ಅದನ್ನು ಬಿಟ್ಟು ಹೋಲಿಸುವುದು ಇದಕ್ಕಿರುವ ಉಪಾಯಗಳು.

ಅಳವಡಿಸುವ ವಿಧಾನ

ಆಂಡ್ರಾಯ್ಡ್

ಆಂಡ್ರಾಯ್ಡ್ ಆ್ಯಪ್‌ನಲ್ಲಿ ಪರದೆಯ ಬರಹಗಳನ್ನು ಕಾರ್ಯಕ್ರಮದ ಸಾಲುಗಳೊಳಗೆ ಸೇರಿಸದೆ ಪ್ರತ್ಯೇಕ ಕಡತದಲ್ಲಿ ಇಡುತ್ತಾರೆ. ಕನ್ನಡದ ಬರಹಗಳಿಗೆ ‘ಕೆಎನ್’ ಎಂಬ ಭಾಷಾ ಸಂಕೇತವಿರುವ ಕಡತಕೋಶವಿರುತ್ತದೆ. ಕನ್ನಡವನ್ನು ಆರಿಸಿದವರಿಗೆ ಅಲ್ಲಿಯ ಬರಹಗಳೇ ಕಾಣುತ್ತವೆ. ಹಳೆಯ ಲಿಸ್ಟ್ ವ್ಯೂ ಎಂಬ ಪಟ್ಟಿಗೆ ಖಾಲಿ ಸ್ಥಿತಿಯ ಬರಹವನ್ನು ಜೋಡಿಸುವ ಸಿದ್ಧ ಸೌಲಭ್ಯವಿತ್ತು. ಅನಂತರ ಬಂದ ರಿಸೈಕ್ಲರ್ ವ್ಯೂನಲ್ಲಿ ಅದಿಲ್ಲ. ಪಟ್ಟಿ ಖಾಲಿಯಾದಾಗ ಅದನ್ನು ಮರೆಮಾಡಿ ಸಂದೇಶವನ್ನು ತೋರಿಸುವ ಕೆಲಸವನ್ನು ತಂತ್ರಜ್ಞರೇ ಬರೆಯಬೇಕು. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ ಪ್ರತಿಯೊಂದು ಆ್ಯಪ್‌ಗೂ ಬೇರೆ ಭಾಷೆಯನ್ನು ಆರಿಸಬಹುದು. ಫೋನನ್ನು ಇಂಗ್ಲಿಷಿನಲ್ಲಿಟ್ಟು ನಿಘಂಟನ್ನು ಮಾತ್ರ ಕನ್ನಡದಲ್ಲಿ ಬಳಸುವವರಿಗೆ ಇದರಿಂದ ಅನುಕೂಲವಾಗಿದೆ.

ಐಫೋನ್

2023ರ ಐಓಎಸ್ 17ರಲ್ಲಿ ಆ್ಯಪಲ್ ಸಂಸ್ಥೆ ಖಾಲಿ ಪರದೆಗಳಿಗಾಗಿ ಕಂಟೆಂಟ್ ಅನ್‌ಅವೈಲಬಲ್ ವ್ಯೂ ಎಂಬ ಸಿದ್ಧ ಘಟಕವನ್ನು ಒದಗಿಸಿತು. ಹುಡುಕಾಟಕ್ಕೆಂದೇ ಅದರಲ್ಲಿ ಒಂದು ಮಾದರಿಯಿದೆ. ಅದನ್ನು ಹಾಗೆಯೇ ಬಳಸಿದರೆ ವ್ಯವಸ್ಥೆಯ ಸಿದ್ಧ ಬರಹ ಕಾಣುತ್ತದೆ. ಶೀರ್ಷಿಕೆ, ವಿವರಣೆ, ಗುಂಡಿ ಇವುಗಳನ್ನು ಪ್ರತ್ಯೇಕವಾಗಿ ಒದಗಿಸಿದರೆ ಆ್ಯಪ್‌ನ ಸ್ವಂತ ಸಂದೇಶ ಕಾಣುತ್ತದೆ.

ಮೀಡಿಯಾವಿಕಿ

ವಿಕಿಪೀಡಿಯ ನಡೆಯುತ್ತಿರುವ ಮೀಡಿಯಾವಿಕಿ ತಂತ್ರಾಂಶದ ಬರಹಗಳನ್ನು ಸ್ವಯಂಸೇವಕರು ಟ್ರಾನ್ಸ್‌ಲೇಟ್‌ವಿಕಿ ಎಂಬ ತಾಣದಲ್ಲಿ ಕನ್ನಡಕ್ಕೆ ತರುತ್ತಾರೆ. ಆಯಾ ವಿಕಿಯ ನಿರ್ವಾಹಕರು ‘ಮೀಡಿಯಾವಿಕಿ’ ನಾಮವರ್ಗದ ಪುಟವನ್ನು ಸಂಪಾದಿಸಿ ತಮ್ಮ ವಿಕಿಗೆ ಮಾತ್ರ ಅನ್ವಯಿಸುವಂತೆ ಅದನ್ನು ಬದಲಾಯಿಸಬಹುದು.

ಕನ್ನಡದ ಉದಾಹರಣೆಗಳು

ಅಲರ್

ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕಗಳ ಕಾಲ ಒಬ್ಬರೇ ಸಂಕಲಿಸಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಅಂತರಜಾಲದಲ್ಲಿ ಪ್ರಕಟವಾಯಿತು. ಇದರಲ್ಲಿ 1.5 ಲಕ್ಷಕ್ಕೂ ಹೆಚ್ಚು ಪದಗಳಿವೆ, 2.4 ಲಕ್ಷಕ್ಕೂ ಹೆಚ್ಚು ಅರ್ಥವಿವರಣೆಗಳಿವೆ. ಜೆ.ಪಿ. ನಗರದಲ್ಲಿ ಕಚೇರಿಯುಳ್ಳ ಜೆರೋಧಾ ಸಂಸ್ಥೆಯ ತಂತ್ರಜ್ಞಾನ ಮುಖ್ಯಸ್ಥ ಕೈಲಾಶ್ ನಾಧ್ ಇದರ ತಾಂತ್ರಿಕ ರೂಪವನ್ನು ಸಿದ್ಧಪಡಿಸಿದರು. ದತ್ತಾಂಶವು ಮುಕ್ತ ಪರವಾನಗಿಯಲ್ಲಿರುವುದರಿಂದ ಬೇರೆ ತಂತ್ರಜ್ಞರೂ ತಮ್ಮ ಆ್ಯಪ್‌ಗಳಲ್ಲಿ ಬಳಸಬಹುದು.

ಅಲರ್‌ಗಾಗಿ ‘ಕೆಎನ್‌ಫೋನ್’ ಎಂಬ ಉಚ್ಚಾರಣೆ ಆಧಾರಿತ ಕ್ರಮವನ್ನು ರೂಪಿಸಲಾಗಿದೆ. ಅದು ಪ್ರತಿಯೊಂದು ಪದಕ್ಕೂ ಧ್ವನಿಯನ್ನು ಅನುಸರಿಸಿದ ಮೂರು ಹಂತದ ಕೀಲಿಗಳನ್ನು ತಯಾರಿಸುತ್ತದೆ. ಕಾಗುಣಿತ ಸ್ವಲ್ಪ ಬೇರೆಯಾದರೂ ಉಚ್ಚಾರಣೆ ಹತ್ತಿರವಿರುವ ಪದಗಳು ಇದರಿಂದ ಸಿಗುತ್ತವೆ. ಮುದ್ರಿತ ನಿಘಂಟಿನ ಪುಟದಲ್ಲಿದ್ದ ನೆರೆಯ ಪದಗಳ ಸುಳಿವನ್ನು ಈ ಕ್ರಮ ಬೇರೊಂದು ಬಗೆಯಲ್ಲಿ ಮರಳಿ ತಂದಿದೆ ಎನ್ನಬಹುದು. ನಿಘಂಟನ್ನು ನಡೆಸುವ ಡಿಕ್ಟ್‌ಪ್ರೆಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಓದುಗರು ಹೊಸ ಪದಗಳನ್ನು ಸೂಚಿಸುವ ಸೌಲಭ್ಯವನ್ನು ನಿರ್ವಾಹಕರು ಬೇಕೆಂದರೆ ತೆರೆದಿಡಬಹುದು.

ವಿಕಿಪೀಡಿಯ

ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಮೀಡಿಯಾವಿಕಿಯ ಹುಡುಕಾಟದಲ್ಲಿ ಕೇಳಿದ ಹೆಸರಿನ ಪುಟ ಇಲ್ಲದಿದ್ದರೆ ಆ ಹೆಸರಿನಲ್ಲಿ ಹೊಸ ಪುಟವನ್ನು ಸೃಷ್ಟಿಸುವ ಕೊಂಡಿ ಕಾಣಿಸುತ್ತದೆ. ಲೇಖನಗಳೊಳಗಿನ ಕೆಂಪು ಕೊಂಡಿಗಳ ಹಿಂದಿರುವ ವಿಚಾರವೂ ಇದೇ. ಓದಲು ಬಂದವರನ್ನು ಬರೆಯಲು ಆಹ್ವಾನಿಸುವ ಶೂನ್ಯ ಫಲಿತಾಂಶ ಸಂದೇಶ ಇದು.

ಎಲ್ಲರಿಗೂ ತಲುಪುವಿಕೆ

ದೃಷ್ಟಿದೋಷವುಳ್ಳವರು ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶವನ್ನು ಬಳಸುತ್ತಾರೆ. ಹುಡುಕಿದ ಮೇಲೆ ಸಂದೇಶವು ಮೂಡಿಯೂ ಧ್ವನಿ ಬರದಿದ್ದರೆ ಹುಡುಕಾಟ ಇನ್ನೂ ನಡೆಯುತ್ತಿದೆ ಎಂದೇ ಅವರು ಭಾವಿಸುತ್ತಾರೆ. 2018ರಲ್ಲಿ ಪ್ರಕಟವಾದ ಡಬ್ಲ್ಯುಸಿಎಜಿ 2.1 ಮಾರ್ಗಸೂಚಿಯ 4.1.3ನೆಯ ಅಂಶದಂತೆ ಇಂತಹ ಸ್ಥಿತಿ ಸಂದೇಶಗಳು ಬಳಕೆದಾರರ ಗಮನವನ್ನು ಬೇರೆಡೆಗೆ ಎಳೆಯದೆ ಸಹಾಯಕ ತಂತ್ರಾಂಶಕ್ಕೆ ತಲುಪುವಂತಿರಬೇಕು. ಚಿತ್ರದ ಮೂಲಕವಷ್ಟೇ ಖಾಲಿ ಸ್ಥಿತಿಯನ್ನು ಸೂಚಿಸುವುದು ಈ ದೃಷ್ಟಿಯಿಂದ ಸಾಲದು.

ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿನ ಅಳತೆಗೆ ಹೊಂದಿಸಿದ ಪೆಟ್ಟಿಗೆಯಲ್ಲಿ ಕನ್ನಡವನ್ನಿಟ್ಟರೆ ಒತ್ತುಗಳು ಕತ್ತರಿಸಿಹೋಗಬಹುದು. ಸಾಲುಗಳ ಅಂತರವನ್ನು ಹೆಚ್ಚಿಸುವುದು, ಉದ್ದವಾದ ಪದಗಳು ಮುಂದಿನ ಸಾಲಿಗೆ ಹರಿಯಲು ಅವಕಾಶ ಕೊಡುವುದು ಅವಶ್ಯಕ.

ಮಹತ್ವ

ಹಾಡನ್ನೋ ತಿಂಡಿಯನ್ನೋ ಹುಡುಕಿ ಸಿಗದಿದ್ದರೆ ಆಗುವ ನಷ್ಟ ಅಲ್ಪ. ಮತದಾರರ ಪಟ್ಟಿ, ಪಹಣಿ, ಪಿಂಚಣಿ ಫಲಾನುಭವಿಗಳ ಪಟ್ಟಿ ಮೊದಲಾದವುಗಳಲ್ಲಿ ಹಾಗಲ್ಲ. ‘ಕೃಷ್ಣಪ್ಪ’ ಎಂಬ ಹೆಸರು ದಾಖಲೆಯಲ್ಲಿ ‘ಕ್ರಿಷ್ಣಪ್ಪ’ ಎಂದಿರಬಹುದು. ಇನಿಷಿಯಲ್ ಹೆಸರಿನ ಮೊದಲಿರಬಹುದು, ಕೊನೆಯಲ್ಲಿರಬಹುದು. ‘ದಾಖಲೆ ಇಲ್ಲ’ ಎಂಬ ಎರಡು ಪದಗಳನ್ನು ಓದಿದ ವೃದ್ಧರೊಬ್ಬರು ತಮ್ಮ ಹೆಸರು ಪಟ್ಟಿಯಿಂದ ಬಿಟ್ಟುಹೋಗಿದೆ ಎಂದು ನಂಬಿ ಮನೆಗೆ ಹಿಂದಿರುಗಬಹುದು, ಅಥವಾ ಇದ್ದ ಹೆಸರನ್ನೇ ಎರಡನೆಯ ಬಾರಿ ಸೇರಿಸಲು ಅರ್ಜಿ ಕೊಡಬಹುದು. ಇಂತಹ ಆ್ಯಪ್‌ಗಳಲ್ಲಿ ಸಂದೇಶವು ಪರ್ಯಾಯ ಕಾಗುಣಿತವನ್ನೂ ಗುರುತಿನ ಸಂಖ್ಯೆಯಿಂದ ಹುಡುಕುವ ದಾರಿಯನ್ನೂ, ಅದೂ ಆಗದಿದ್ದರೆ ಯಾವ ಕಚೇರಿಯಲ್ಲಿ ವಿಚಾರಿಸಬೇಕೆಂಬುದನ್ನೂ ತಿಳಿಸುವುದು ಅಗತ್ಯ.

ಸಿಗದ ಪದಗಳ ಪಟ್ಟಿ ಆ್ಯಪ್ ನಡೆಸುವವರಿಗೂ ಉಪಯುಕ್ತ. ಒಂದೇ ಪದ ಮತ್ತೆ ಮತ್ತೆ ಸಿಗದಿದ್ದರೆ ದಾಖಲೆಯಲ್ಲಿಯೋ ಹೋಲಿಕೆಯ ಕ್ರಮದಲ್ಲಿಯೋ ಕೊರತೆಯಿದೆಯೆಂದು ತಿಳಿಯುತ್ತದೆ. ಆದರೆ ಜನರು ಹುಡುಕಿದ ಪದಗಳಲ್ಲಿ ವ್ಯಕ್ತಿಗಳ ಹೆಸರು, ಫೋನ್ ಸಂಖ್ಯೆ, ಕಾಯಿಲೆಯ ವಿವರಗಳೂ ಇರಬಹುದಾದ್ದರಿಂದ ಅವನ್ನು ತೆಗೆದುಹಾಕಿದ ಮೇಲೆಯೇ ಪಟ್ಟಿಯನ್ನು ಉಳಿಸಿಕೊಳ್ಳುವುದು ಯುಕ್ತ.

ಮಾದರಿ ಸಂದೇಶಗಳು

• ನಿಘಂಟು: “ಅಳಲು” ಎಂಬ ಪದ ಸಿಗಲಿಲ್ಲ. ಉಚ್ಚಾರಣೆಯಲ್ಲಿ ಹತ್ತಿರವಿರುವ ಪದಗಳು ಕೆಳಗಿವೆ. ಇವುಗಳಲ್ಲಿಯೂ ಇಲ್ಲದಿದ್ದರೆ ಪದವನ್ನು ಸಂಪಾದಕರಿಗೆ ತಿಳಿಸಿ.
• ನಕ್ಷೆ: “ವಿಲ್ಸನ್ಗಾರ್ಡನ್” ಎಂಬ ಸ್ಥಳ ಸಿಗಲಿಲ್ಲ. “ವಿಲ್ಸನ್ ಗಾರ್ಡನ್” ಎಂದು ಹುಡುಕಬೇಕೆ?
• ಅಂಗಡಿ: ವಿಲ್ಸನ್ ಗಾರ್ಡನ್‌ನಲ್ಲಿ ಈ ವಸ್ತು ಸಿಗಲಿಲ್ಲ. ಹತ್ತಿರದ ಶಾಂತಿನಗರ, ಹೊಂಬೇಗೌಡ ನಗರ ಮತ್ತು ಲಕ್ಕಸಂದ್ರದಲ್ಲಿಯೂ ಹುಡುಕಿ.
• ದಾಖಲೆ: ಈ ಹೆಸರಿನಿಂದ ದಾಖಲೆ ಸಿಗಲಿಲ್ಲ. ಹೆಸರು ಬೇರೆ ಕಾಗುಣಿತದಲ್ಲಿರಬಹುದು. ಗುರುತಿನ ಸಂಖ್ಯೆಯಿಂದ ಹುಡುಕಿ.
• ಸಂಪರ್ಕ ದೋಷ: ಅಂತರಜಾಲ ಸಂಪರ್ಕವಿಲ್ಲದ ಕಾರಣ ಹುಡುಕಲು ಆಗಲಿಲ್ಲ. ಸಂಪರ್ಕ ಬಂದ ಮೇಲೆ ಮತ್ತೆ ಪ್ರಯತ್ನಿಸಿ.

ಕೊನೆಯದು ಶೂನ್ಯ ಫಲಿತಾಂಶ ಸಂದೇಶವಲ್ಲ; ಅದರೊಡನೆ ಬೆರೆಯಬಾರದೆಂಬ ಕಾರಣಕ್ಕೆ ಇಲ್ಲಿ ಕೊಡಲಾಗಿದೆ. ಸಂದೇಶವನ್ನು ಅಳವಡಿಸಿದ ಮೇಲೆ ಸ್ವರಾಂತ ಮತ್ತು ವ್ಯಂಜನಾಂತ ಪದಗಳು, ಒತ್ತಕ್ಷರವುಳ್ಳ ಪದಗಳು, ಕನ್ನಡ ಅಂಕೆಗಳು ಮತ್ತು ಬಹು ಉದ್ದವಾದ ಒಂದು ಪದ ಇವುಗಳಿಂದ ಹುಡುಕಿ ನೋಡಿ, ಬರಹ ಸರಿಯಾಗಿ ಮೂಡುವುದನ್ನು ಖಚಿತಪಡಿಸಿಕೊಳ್ಳುವುದು ವಾಡಿಕೆ.